ನಾನು ನೇರ ಮಾಡಿದ ಗೆರೆ

ಗೋಡೆಗೆ ಹೊಸ ಬಣ್ಣದ ವಾಸನೆ, ಮೇಜು ಮಾತ್ರ ಅದೇ, ಅಂಚಿನಲ್ಲಿ ನನ್ನ ಮೊಣಕೈ ಸವೆಸಿದ ಜಾಗ ಹಾಗೇ ಇದೆ, ಇಪ್ಪತ್ತೆರಡು ವರ್ಷ ಈ ವೀಕ್ಷಣಾಲಯದಲ್ಲೇ ಕೂತು ವಿಜ್ಞಾನಿ ಸಾರ್ ಕೊಟ್ಟ, ನಕ್ಷತ್ರದ ಬೆಳಕಿನ ಏರಿಳಿತ ತೋರಿಸುವ ನಕ್ಷೆಗಳ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ಗೆರೆ ಎಳೆದವಳು ನಾನು, ಕೆಲವು ನಕ್ಷತ್ರ ಸಾಯದೆ ಮತ್ತೆ ಮತ್ತೆ ಸಿಡಿಯುತ್ತವೆ, ಸಿಡಿದಾಗ ಗಾಳಿ ಬೀಸುತ್ತದೆ ಅಂತ ಹೇಳಿಕೊಟ್ಟವರೂ ಅವರೇ — ಬಟ್ಟೆ ಒಣಗ್ಸೋ ಗಾಳಿ ಅಲ್ಲಮ್ಮ, ಸೆಕೆಂಡಿಗೆ ಮೂರು ಸಾವಿರ ಕಿಲೋಮೀಟರ್, ನೇರಳಾತೀತ ಬೆಳಕಲ್ಲಿ ನೋಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ, ಆ ಬೆಳಕು ನೆಲಕ್ಕೆ ಇಳಿಯೋದೇ ಇಲ್ಲ, ಉಪಗ್ರಹ ಮೇಲೆ ಹೋಗಿ ಹಿಡೀಬೇಕು — ಹಾಗಾದ್ರೆ ನಮ್ಮತ್ತೆ ಬಾಯಿಗಿಂತ ನಿಧಾನ ಬಿಡಿ ಸಾರ್ ಅಂದೆ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು, ಈಗ ಅವರೂ ಇಲ್ಲ, ಅತ್ತೆಯೂ ಇಲ್ಲ, ಎದುರಿಗೆ ಈ ಹುಡುಗಿ, ಸಂಶೋಧನೆ ಮಾಡುವವಳು, ನನ್ನ ಹಳೇ ನಕ್ಷೆ ಹರವಿಕೊಂಡು ಕೂತಿದ್ದಾಳೆ — ಅಜ್ಜಿ, ಅದೇ ನಕ್ಷತ್ರ ಮತ್ತೆ ಸಿಡಿದಿದೆ, ಈ ಸಲ ಇಲ್ಲಿ ಎಡಗಡೆ ಒಂದು ತಗ್ಗು ಬಂದಿದೆ, ಜೋರು ಗಾಳಿಯ ಗುರುತು, ಹೋದ ಸಲದ್ದರಲ್ಲಿ ಇಲ್ವಲ್ಲ, ಉಪಗ್ರಹದ ಮಾಹಿತಿ ಇದ್ದ ಮೂಲ ಟೇಪೂ, ಯಂತ್ರ ಬರೆದ ಹಾಳೆಯೂ ಹಾಳಾಗಿವೆ, ನನ್ನ ಅಳತೆನೇ ತಪ್ಪು ಅಂತಿದಾರೆ ಎಲ್ಲರೂ, ನಿಮಗೇನಾದ್ರೂ ನೆನಪಿದೆಯಾ?

ನೆನಪಿಲ್ಲದೆ ಏನು, ಉಗುರು ಊರಿದಷ್ಟು ಸಣ್ಣ ತಗ್ಗು, ಇತ್ತು, ಮೂಲ ಹಾಳೆಯ ಮೇಲೆ ಗೆರೆ ಬರೆಯುವ ಯಂತ್ರದ ಪೆನ್ನು ಆಗಾಗ ತಡವರಿಸುತ್ತಿತ್ತು, ಅಂಥ ಕೊಂಕನ್ನೆಲ್ಲ ಅಚ್ಚಿಗೆ ಹೋಗುವ ಮುಂಚೆ ನೇರ ಮಾಡುವುದೇ ನನ್ನ ಹೆಚ್ಚುಗಾರಿಕೆ, ಅವತ್ತು ಸಾರ್ ಊರಲ್ಲಿಲ್ಲ, ಮನೆಯಲ್ಲಿ ಮಗಳಿಗೆ ಜ್ವರ, ಯಾರನ್ನೂ ಕೇಳದೆ ತಗ್ಗಿನ ಮೇಲೆ ಗೆರೆ ಎಳೆದುಬಿಟ್ಟೆ, ಸಾರ್ ವಾಪಸ್ ಬಂದು ಮೂಲ ಹಾಳೆ ತೆಗೆದು ನೋಡಲೂ ಇಲ್ಲ, ಅಷ್ಟು ನಂಬಿಕೆ, ಕೈ ಅಂದ್ರೆ ಇದಮ್ಮ ಅಂದರು, ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಅಂತ ನನ್ನ ಹೆಸರು ಹಾಕಿಸಿದರು, ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ, ಮನೆಯವರು ಆ ಪುಟಕ್ಕೆ ಕಟ್ಟು ಹಾಕಿಸಿ ಮದುವೆ ಫೋಟೋ ಪಕ್ಕ ತೂಗುಹಾಕಿದರು, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು — ಬಾಯಿ ಬಿಟ್ಟರೆ ಆ ಹೆಸರು ತಪ್ಪಿನ ಕೆಳಗಿನ ಸಹಿ, ಸಾರ್ ಹೆಸರಿಗೂ ಮಸಿ, ಮುಚ್ಚಿಟ್ಟರೆ ಈ ಹುಡುಗಿಯ ನಾಲ್ಕು ವರ್ಷ ನೀರುಪಾಲು, ಆ ತಗ್ಗು, ಉಗುರು ಊರಿದಷ್ಟು, ಸಾರ್ ಇದ್ದಿದ್ದರೆ ಮೊದಲು ಬೈದು ಆಮೇಲೆ ಕುರ್ಚಿ ಎಳೆದುಕೊಂಡು ಎಲ್ಲಿತ್ತು ತೋರ್ಸಮ್ಮ ಅಂತಿದ್ದರು, ಖಂಡಿತ ಅಂತಿದ್ದರು — ಅಜ್ಜಿ, ನೀರು ಕೊಡಲಾ — ಬೇಡ ಮಗಾ, ಪೆನ್ಸಿಲ್ ಕೊಡು, ಇತ್ತು, ನಾನೇ ಮುಚ್ಚಿದ್ದು, ನುಣುಪಾದ ಗೆರೆಯ ಎಡಕ್ಕೆ, ಇಲ್ಲಿ, ಇಷ್ಟೇ ಇಳಿದು ಮತ್ತೆ ಏರುತ್ತದೆ, ಉಗುರು ಊರಿದಷ್ಟು ತಗ್ಗು, ತಗ್ಗು —