ಹೆಸರು ಹಿಡಿದು ಕರೆದದ್ದು

ಹೇಳಿದರೆ ಕೇಳುವ ಊರಲ್ಲ ನಮ್ಮದು. ಬಶೀರಾಬಾದ್ ಕಡೆ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂದು ಯಾರೋ ಫೋನಿಗೆ ವಿಡಿಯೋ ಬಿಟ್ಟರಂತೆ, ಅಷ್ಟೇ ಸಾಕಾಯಿತು. ಗ್ಯಾಸ್ ಒಲೆ ರಿಪೇರಿಯವನೊಬ್ಬ ನನ್ನ ಮೊಮ್ಮಗಳನ್ನು ನಿಲ್ಲಿಸಿ ದಾರಿ ಕೇಳಿದ. ಪಾಪ, ಕೇಳಿದ್ದು ದಾರಿಯನ್ನಷ್ಟೇ! ಮರುಗಳಿಗೆಯಲ್ಲಿ ಅವನನ್ನು ಬಸ್ ನಿಲ್ಲುವಲ್ಲಿನ ಬೇವಿನ ಮರಕ್ಕೆ ಕಟ್ಟಿದ್ದರು. ಎಲ್ಲರ ಮುಂದೆ ಗುದ್ದಲಿ ಕಾವು ಹಿಡಿದು ನಿಂತವರು ನಮ್ಮ ಯಜಮಾನರೇ.

ಸೊಸೆ ಸೌಮ್ಯಾ ಪೊಲೀಸರಿಗೆ ಫೋನು ಮಾಡಿದಳು. ಜೀಪು ತಾಂಡೂರಿನಿಂದ ಬರಬೇಕು. ಅಷ್ಟರಲ್ಲಿ ಇಲ್ಲಿ ಹೆಣ ಬೀಳುತ್ತದೆ ಎಂದೆ ನಾನು. ಅವಳು ಕಾಲೇಜಿನಲ್ಲಿ ಅಪರಾಧಶಾಸ್ತ್ರ ಕಲಿಸುತ್ತಾಳೆ. ಕಳ್ಳರ ಪುರಾಣ ಓದುವುದಕ್ಕೂ ಪಗಾರ ಕೊಡುತ್ತಾರಾ ಎಂದು ನಾನು ಕಾಡಿಸುತ್ತಿದ್ದೆ.

"ಅತ್ತಿ, ಗುಂಪಿನ್ಯಾಗ ನಿಂತ್ರ ಯಾರಿಗೂ ತಾವ್ ಯಾರಂತ ನೆನಪಿರಂಗಿಲ್ಲ. ಒಬ್ಬೊಬ್ಬರನ್ನ ಹೆಸರ ಹಿಡದು ಕರೀಬೇಕು," ಎಂದವಳೇ ಗುಂಪಿನೊಳಗೆ ನುಗ್ಗಿದಳು.

"ಭೀಮಶಾ ಕಾಕಾ, ನಾಳಿ ಮಗಳನ್ನ ನೋಡಾಕ ಬೀಗರು ಬರ್ತಾರ, ನೀವಿಲ್ಲಿ ಕಲ್ಲ ಹಿಡಕೊಂಡ ನಿಂತೀರಿ?"

ಭೀಮಶಾ ತನ್ನ ಕೈ ನೋಡಿಕೊಂಡ. ಕಲ್ಲು ಬಿತ್ತು.

"ಉಮಾಕಾಂತಣ್ಣಾ, ಆ ಮನಷ್ಯಾಗ ಕುಡ್ಯಾಕ ನೀರ ತಾ." ಉಮಾಕಾಂತ ಗೊಣಗುತ್ತಲೇ ಹೋದ. ಗುಂಪು ಸಡಿಲಾಯಿತು.

"ಮಾವಾರೀ!" ಎಂದು ಕೂಗಿದಳು. ಯಜಮಾನರು ತಿರುಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಅವಳಿಗೆ ಮಾವಂದಿರೇ. ಮಾವನ ಹೆಸರನ್ನು ಸೊಸೆ ಎತ್ತುವಂತಿಲ್ಲ. ನಾನಂತೂ ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಗಂಡನ ಹೆಸರು ಸೇರಿಸಿ ಹೇಳಿದ್ದೇ ಕೊನೆ. ಗುದ್ದಲಿ ಕಾವು ಮೇಲೆದ್ದಿತು. ಕಟ್ಟಿಹಾಕಿದವನು ಕಣ್ಣು ಮುಚ್ಚಿಕೊಂಡ. ಹಾಳಾಗಿ ಹೋಗಲಿ ನನ್ನ ಮರ್ಯಾದೆ!

"ಏ ಶಂಕ್ರೆಪ್ಪಾ!"

ಯಜಮಾನರು ತಿರುಗಿದರು. ಸಿಟ್ಟೋ ನಾಚಿಕೆಯೋ, ಅಂಥ ಮುಖವನ್ನು ನಾನು ಕಂಡಿರಲಿಲ್ಲ.

"ಏನಂದಿ?"

"ನಿಮ್ಮ ಹೆಸರೇ ಅಂದೀನಿ. ಕೆಳಗಿಡ್ರಿ ಅದನ್ನ. ಕೊಲೆಗಾರನ ಹೆಂಡ್ತಿ ಆಗಾಕ ನಾ ಒಲ್ಲೆ."

ಕಾವು ಕೆಳಗಿಟ್ಟರು. ಹಗ್ಗ ಬಿಚ್ಚಲು ಹೋದರು. ತಾವೇ ಬಿಗಿದ ಗಂಟು ಬಿಚ್ಚಲೊಲ್ಲದು. ಕಡೆಗೆ ತಲೆ ಎತ್ತದೆಯೇ ಕೇಳಿದರು:

"ನಿನ್ನ ಹೆಸರೇನಪ್ಪಾ?"

"ಜೈಪಾಲ ರೀ," ಎಂದವನು ಅವರ ಹೆಗಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತ.