ನಡುಹೊಳೆಯ ಪಟ

ತಲೆಕೆಳಗಾಗಿ ತೂಗುತ್ತಿದ್ದವು ಮೂರೂ ದೋಣಿಗಳು, ಕ್ಯಾಮರಾದ ಕರಿಬಟ್ಟೆಯೊಳಗಿನ ಮಸುಕು ಗಾಜಿನಲ್ಲಿ, ಆಕಾಶ ಕೆಳಗೆ, ನೇತ್ರಾವತಿ ಮೇಲೆ — ಮೂವತ್ತು ವರ್ಷ ಹೀಗೇ ನೋಡಿ ನೋಡಿ ಈಗ ಇದೇ ನೆಟ್ಟಗೆ ಅನ್ನಿಸುತ್ತದೆ, ಕಮಲಾಕ್ಷ ತಲೆ ಹೊರಗೆ ತೆಗೆಯಲಿಲ್ಲ, ಇಲ್ಲಿರುವಷ್ಟು ಹೊತ್ತು ಯಾರೂ ಮಾತಾಡಿಸುವುದಿಲ್ಲ, ಕ್ಯಾಮರಾಕ್ಕೆ ಪ್ಲೇಟು ಹಾಕಿಯೇ ಇಲ್ಲ ಎಂದು ಯಾರಿಗೆ ಗೊತ್ತು. ಮಂಗಳೂರು ಬಂದರಿನಿಂದ ಉಪ್ಪು ತಂದ ದೋಣಿಯಲ್ಲಿ ಯಾರೋ ಗಂಜಿ ಬೇಯಿಸುತ್ತಿದ್ದಾರೆ, ಹೊಗೆ ಗಾಜಿನಲ್ಲಿ ಕೆಳಕ್ಕೆ ಇಳಿಯುತ್ತದೆ. ಮೊದಲಾದರೆ ಇಷ್ಟರಲ್ಲೇ ಒಂದು ಬೆಳಗ್ಗೆ ತುಂಬುತ್ತಿತ್ತು, ಮದುಮಕ್ಕಳ ಪಟ, ಕುರ್ಚಿಗೆ ಒರಗಿಸಿ ಕೂರಿಸಿದ ಹೆಣದ ಪಟ, ಎಲ್ಲ ಮುಗಿಸಿ ಹೊಳೆ ದಾಟಿಸುವ ಈ ಕಡವಿಗೆ ಬಂದರೆ ದೋಣಿಗಳಿಗೆ ಗಲ್ಲ ಎತ್ತು ಅನ್ನಬೇಕಾಗಿರಲಿಲ್ಲ, ನಗು ಅನ್ನಬೇಕಾಗಿರಲಿಲ್ಲ. ಈಗ ಮೊಣಕಾಲು ನೋಯುತ್ತದೆ, ಚೀಲ ಭಾರ, ಚೀಲದಲ್ಲಿ ಒಂದೇ ಒಂದು ಹಳೆಯ ಪ್ಲೇಟು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ತಂದದ್ದು, ಗಾಜಿಗೆ ಇಷ್ಟು ಭಾರವೇ — ಮತ್ತೆ ಆ ಹಗ್ಗ. ದೋಣಿಯ ಮೂತಿಯಿಂದ ದಡದ ಗೂಟಕ್ಕೆ, ಬಿಗಿಯಾಗಿ. ಅದನ್ನು ನೆನೆಯಬಾರದು. ಆ ದಿನ ಸಂತೆ, ಬಿಸಿಲು ವಾಲಿತ್ತು, ಕಟ್ಟಿಹಾಕಿದ ದೋಣಿಯಲ್ಲಿ ಹತ್ತು ಜನ ಹೊಳೆ ದಾಟುವುದಕ್ಕೆ ಕಾಯುತ್ತಿದ್ದರು, ಪಟ ಖಾಲಿ ಖಾಲಿ ಕಂಡಿತು, ಹತ್ತಿ ಹತ್ತಿ, ದಡದವರೆಲ್ಲ ಹತ್ತಿ, ಪಟಕ್ಕೆ ದುಡ್ಡಿಲ್ಲ ಎಂದು ಕೂಗಿದವನು ತಾನೇ ಅಲ್ಲವೇ, ದೋಣಿಯ ಉಮ್ಮರ್ ಬೇಡ ಅಂದ, ಕಮಲಾಕ್ಷಣ್ಣ, ಹನ್ನೆರಡು ಜನಕ್ಕೆ ಮಾತ್ರ ಪರವಾನಗಿ ನಂಗೆ, ಅಯ್ಯೋ ಕಟ್ಟಿದ ದೋಣಿ ಮಾರಾಯ, ಅದೆಲ್ಲಿಗೆ ಹೋಗ್ತದೆ, ಉಮ್ಮರ್‌ನ ತಾಯಿ ಅವ್ವಮ್ಮ ಮೀನಿನ ಬುಟ್ಟಿ ಸಮೇತ ಹತ್ತಿದಳು, ನನ್ನ ಬಂಗುಡೆಯೂ ಬೀಳಲಿ ಪಟದಲ್ಲಿ, ಡೊಂಬಯ್ಯ ಎಲ್ಲರ ಹೆಗಲ ಮೇಲಿಂದ ಕತ್ತು ಚಾಚಿ, ಮುಳುಗಿದರೂ ಪಟದಲ್ಲಿ ನಾವು ಒಣಗಿಯೇ ಇರ್ತೇವೆ ಬಿಡಿ ಅಂದ, ಇಪ್ಪತ್ತಾರು ಜನ, ನೀರು ದೋಣಿಯ ಅಂಚಿಗೆ ಒಂದು ಬೆರಳು ಕೆಳಗೆ, ಎಲ್ಲರೂ ನಗುತ್ತಿದ್ದರು, ಟಕ್ ಅಂದದ್ದೇ ಇಳಿದರು. ಅಷ್ಟೇ ಆದದ್ದು. ಆಮೇಲೆ ಕತ್ತಲೆಕೋಣೆಯಲ್ಲಿ ಹಗ್ಗದ ಬದಿಗೆ ಕಪ್ಪು ಕಾಗದ ಮುಚ್ಚಿ ಅಚ್ಚು ಹಾಕಿದ ಕೈ ಯಾರದು, ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿ ಅಡಿಯಲ್ಲಿ ‘ನಡುಹೊಳೆಯಲ್ಲಿ’ ಎಂದು ಚಂದದ ಅಕ್ಷರದಲ್ಲಿ ಬರೆದದ್ದು, ಬೆಳುವಾಯಿಯಿಂದ ಬಂದವರೂ ನಿಂತು ನೋಡುತ್ತಿದ್ದರು, ಕನ್ನಡ ಓದಲು ಬಾರದ ಉಮ್ಮರ್ ಕೂಡ, ನನ್ನ ದೋಣಿ ಏನು ಚಂದ ತೇಲ್ತಾ ಉಂಟು ಕಮಲಾಕ್ಷಣ್ಣ.

ಮೈಸೂರು ಕಡೆಯಿಂದ ಹೊಸದಾಗಿ ಬಂದ ತಾಲೂಕು ಕಚೇರಿಯ ಸಾಹೇಬರೂ ನಿಂತು ನೋಡಿದರು, ಕಣ್ಣಲ್ಲೇ ತಲೆ ಎಣಿಸಿದರು, ಚೆನ್ನಾಗಿದೆ ಕಣ್ರೀ, ಎಲ್ಲಿ ನಿಂತು ತೆಗೆದ್ರಿ, ಇನ್ನೊಂದು ದೋಣಿಯಲ್ಲಿ ನಿಂತು ಸಾರ್ — ನಾಲಿಗೆ ತಾನಾಗಿ ಹೊರಳಿತು, ಅಷ್ಟು ದೊಡ್ಡವರು ಹೊಗಳುತ್ತಿರುವಾಗ — ಹಾಗಾದರೆ ಬರೆದುಕೊಡಿ, ಬರೆದುಕೊಟ್ಟ, ರುಜು ಹಾಕಿದ, ಕಡವಿನ ಗುತ್ತಿಗೆ ಹೋಗುತ್ತದೆಂದು ಗೊತ್ತಾದದ್ದು ಹನ್ನೆರಡರ ದೋಣಿಯಲ್ಲಿ ಇಪ್ಪತ್ತಾರು ಜನರನ್ನು ದಾಟಿಸಿದ ಎಂದು ಉಮ್ಮರ್‌ಗೆ ನೋಟೀಸು ಬಂದ ಮೇಲೆ. ಹೋಗುತ್ತದೆಂದರೆ ಎಲ್ಲಿಗೆ, ಅಪ್ಪನ ಕಾಲದಿಂದ ಅವನ ಮನೆಯ ಒಲೆ ಉರಿಯುವುದು ಇದರಿಂದ. ನಿನ್ನೆ ಸ್ಟುಡಿಯೋದ ಮೆಟ್ಟಿಲಲ್ಲಿ ನಿಂತಿದ್ದ, ಒಳಗೆ ಬರಲೇ ಇಲ್ಲ, ನೀವು ಒಂದು ಮಾತು ಹೇಳಿದರೆ ಸಾಕು, ದೋಣಿ ಕಟ್ಟಿತ್ತು ಅಂತ, ಪಟ ತೆಗೆದವರೇ ಹೇಳಿದ ಮೇಲೆ ನಂಬದೆ ಯಾರಿರ್ತಾರೆ. ಹೇಳ್ತೇನೆ ಉಮ್ಮರ್. ಹೇಳ್ತೇನೆ ಅಂದದ್ದು ನಿದ್ದೆಯ ಆಸೆಗೆ, ನಿದ್ದೆ ಬರಲಿಲ್ಲ, ಕಣ್ಣು ಮುಚ್ಚಿದರೆ ಹಗ್ಗ.

ಗಾಜಿನೊಳಗೆ ಬಿಳಿ ಅಂಗಿಯೊಂದು ತಲೆಕೆಳಗಾಗಿ ನಡೆದುಬಂತು, ಉಮ್ಮರ್. ಹೋಗುವಾ, ಸಾಹೇಬರು ಹನ್ನೊಂದಕ್ಕೆ ಕರೆದಿದ್ದಾರೆ. ಕಮಲಾಕ್ಷ ಬಟ್ಟೆ ಸರಿಸಿದ, ಬೆಳಕು ಚುಚ್ಚಿತು, ಇಸ್ತ್ರಿ ಮಾಡಿದ ಮಡಿಕೆ ಇನ್ನೂ ನಿಂತಿದೆ ಅಂಗಿಯಲ್ಲಿ, ಮದುವೆಯದಿರಬೇಕು, ಕಂಕುಳಲ್ಲಿ ಬಿಗಿ; ಕೈ ಚೀಲಕ್ಕೆ ಹೋಗಿ ಬೈರಾಸು ಬಿಚ್ಚಿ ಪ್ಲೇಟನ್ನು ಅವನಿಗೆ ಕೊಟ್ಟಿತು, ಅಂಚಿನಲ್ಲಿ ಹಿಡಿ, ಆಕಾಶಕ್ಕೆ ಹಿಡಿದು ನೋಡು. ಉಮ್ಮರ್ ನಗುತ್ತಾನೆ, ಎಲ್ಲರೂ ಸತ್ತವರ ಕುಲೆಗಳ ಹಾಗೆ ಕಾಣ್ತಾರಲ್ಲ, ಕರಿಮುಖ, ಬಿಳಿಕಣ್ಣು, ಇದು ಉಮ್ಮ, ಇದು ನಾನು, ಓ ಇದು ಡೊಂಬಯ್ಯಣ್ಣ — ಬೆರಳು ಹಾಗೇ ಮೂತಿಯ ಕಡೆಗೆ ಸರಿಯಿತು, ನಿಂತಿತು. ಹಗ್ಗ ಉಂಟಲ್ಲ ಇದರಲ್ಲಿ. ಉಂಟು. ಗಾಜಿನ ಪೆಟ್ಟಿಗೆಯ ಪಟದಲ್ಲಿ ಇಲ್ಲ. ಇಲ್ಲ, ಕಮಲಾಕ್ಷ ಅಂದ, ನಾನೇ ಮುಚ್ಚಿದ್ದು, ನಡುಹೊಳೆಯಲ್ಲಿ ತೆಗೆದದ್ದು ಅಂತ ಸಾಹೇಬರಿಗೆ ಬರೆದುಕೊಟ್ಟಿದ್ದೇನೆ ಉಮ್ಮರ್, ರುಜು ಹಾಕಿದ್ದೇನೆ, ಇವತ್ತು ಅದು ಸುಳ್ಳು ಅಂತ ಹೇಳ್ತೇನೆ, ಪ್ಲೇಟು ತೋರಿಸ್ತೇನೆ — ಏನಾದರೂ ಬೈಯಬಾರದೇ, ಉಮ್ಮರ್‌ನ ಬೆರಳು ಮೂತಿಯಿಂದ ಗೂಟಕ್ಕೆ ಹೋಗುತ್ತದೆ, ಗೂಟದಿಂದ ಮೂತಿಗೆ ಬರುತ್ತದೆ, ಕರಿನೀರಿನ ಮೇಲೆ ಬಿಳಿ ಹಗ್ಗ, ಬಿಗಿಯಾಗಿ, ಅದರ ಒಂದೊಂದು ಹುರಿಯೂ ಕಾಣುವಷ್ಟು ಸ್ಪಷ್ಟವಾಗಿ, ಹಗ್ಗ —