ಕಂಬದ ಮೇಲಿನ ಕೈ

ಏಪ್ರಿಲ್ ತಿಂಗಳು ಬಂತೆಂದರೆ ಮ್ಯೂನಿಕ್ ಬಳಿಯ ವೆಲ್ಟಿಂಗ್ ಊರಿನವರ ತಲೆ ನೆಟ್ಟಗಿರುವುದಿಲ್ಲ. ಕಾಡಿನಿಂದ ಉದ್ದನೆಯದೊಂದು ಮರ ಕಡಿದು ತರುತ್ತಾರೆ, ತೊಗಟೆ ಸುಲಿಯುತ್ತಾರೆ, ನೀಲಿ ಬಿಳಿ ಬಣ್ಣ ಬಳಿಯುತ್ತಾರೆ. ಮೇ ಒಂದನೇ ತಾರೀಕು ಚರ್ಚಿನ ಮುಂದೆ ಅದನ್ನು ಎತ್ತಿ ನಿಲ್ಲಿಸುವವರೆಗೂ ಹಸುಗೂಸನ್ನು ಕಾದಂತೆ ಕಾಯುತ್ತಾರೆ. ಕಾಯದಿದ್ದರೆ ಪಕ್ಕದೂರಿನವರು ಹೊತ್ತುಕೊಂಡು ಹೋಗುತ್ತಾರೆ. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ, ಪೊಲೀಸರು ಕೂಡ ನಕ್ಕು ಸುಮ್ಮನಾಗುತ್ತಾರೆ. ಆದರೆ ಕಂಬ ಒಮ್ಮೆ ಊರಿನ ಹೆಸರಿರುವ ಹಳದಿ ಫಲಕ ದಾಟಿತೋ, ಮುಗಿಯಿತು! ಕದ್ದವರಿಗೆ ಕಂಠಮಟ್ಟ ಬಿಯರ್ ಕುಡಿಸಿ, ಹಂದಿ ಹುರಿದು ಹಾಕಿ, ಅವರ ಕುಹಕವನ್ನೆಲ್ಲ ನುಂಗಿಕೊಂಡು ಬಿಡಿಸಿಕೊಂಡು ಬರಬೇಕು. ಫಲಕ ದಾಟುವ ಮೊದಲು ಊರಿನವರೊಬ್ಬರು ಕಂಬದ ಮೇಲೆ ಕೈಯಿಟ್ಟು "ಕಂಬ ಇಲ್ಲೇ ಇರುತ್ತೆ" ಅಂದುಬಿಟ್ಟರೆ ಮಾತ್ರ ಕಳ್ಳರು ಬಾಲ ಮುದುರಿಕೊಂಡು ಅದನ್ನು ತಂದಲ್ಲಿಗೇ ತಲುಪಿಸಬೇಕು.

ಈ "ಊರಿನವರೊಬ್ಬರು" ಅನ್ನುವ ಮಾತೇ ವಾಲ್ಬುರ್ಗಾಳಿಗೆ ಆಗದು. ಅವಳು ಹುಟ್ಟಿದ್ದು ಓಬರ್‌ಮೂಸ್‌ನಲ್ಲಿ. ಅದೇನು ಸಮುದ್ರದಾಚೆ ಇದೆಯೇ? ರೈಲು ಹಳಿ ದಾಟಿ ಒಂದು ಹೊಲ ಕಳೆದರೆ ಓಬರ್‌ಮೂಸ್. ಅವಳ ಅಡುಗೆಮನೆಯ ಕಿಟಕಿಯಿಂದ ಅಲ್ಲಿನ ಚರ್ಚಿನ ಗೋಪುರ ಕಾಣುತ್ತದೆ. ಆಲೊಯ್ಸ್‌ನ ಕೈಹಿಡಿದು ವೆಲ್ಟಿಂಗ್‌ಗೆ ಬಂದು ಮೂವತ್ತು ವರ್ಷವಾಯಿತು. ಎರಡು ಮಕ್ಕಳನ್ನು ಇಲ್ಲೇ ಹೆತ್ತಳು, ಅತ್ತೆಯನ್ನು ಇಲ್ಲೇ ಮಣ್ಣು ಮಾಡಿದಳು. ಊರಿನ ಅಂಚೆಯವಳಾಗಿ ಪ್ರತಿ ಮನೆಯ ಬಾಗಿಲಿಗೂ ಹಳದಿ ಸೈಕಲ್ ತುಳಿದಳು. ಆದರೂ ಅವಳು ಇನ್ನೂ "ಓಬರ್‌ಮೂಸ್‌ನೋಳು". ಮ್ಯೂನಿಕ್‌ನಿಂದ ನಿನ್ನೆ ಮೊನ್ನೆ ಬಂದು ಸಾಲುಮನೆಗಳಲ್ಲಿ ಬಾಡಿಗೆಗಿದ್ದವರು ಆರು ತಿಂಗಳಲ್ಲಿ "ನಮ್ಮೋರು" ಆಗಿಬಿಡುತ್ತಿದ್ದರು. ಇವಳಿಗೆ ಮಾತ್ರ ಆ ಭಾಗ್ಯವಿಲ್ಲ. ಯಾಕೆಂದರೆ ವೆಲ್ಟಿಂಗ್‌ನ ಕಂಬ ಕದಿಯಲು ವರ್ಷಾ ವರ್ಷ ಹೊಂಚು ಹಾಕುವುದು ಓಬರ್‌ಮೂಸ್‌ನವರೇ.

ಈ ಸಲ ಅವಳು ನಾಚಿಕೆ ಬಿಟ್ಟು ಕಂಬದ ಸಂಘದ ಯಜಮಾನ ಕ್ವಿರಿನ್‌ನನ್ನು ಕೇಳಿಯೇ ಬಿಟ್ಟಿದ್ದಳು, ನನಗೂ ಒಂದು ದಿನ ಕಾವಲು ಕೊಡು ಎಂದು. ಕ್ವಿರಿನ್ ತನ್ನ ದಪ್ಪ ಮೀಸೆ ಸವರಿಕೊಂಡು, ಬಿಯರ್ ಅಂಗಳದಲ್ಲಿದ್ದವರೆಲ್ಲ ಕೇಳುವ ಹಾಗೆ ಅಂದ: "ಓಬರ್‌ಮೂಸ್‌ನೋಳ್ನ ಕಾವಲಿಗೆ ಹಾಕೋದಾ? ಅದರ ಬದ್ಲು ಕಂಬಾನ ನಾವೇ ಹೊತ್ಕೊಂಡ್ ಹೋಗಿ ಅವರ ಬಾಗಿಲಿಗೆ ಒರಗಿಸಿ ಬರೋಣ ಬಿಡಮ್ಮ, ಎಲ್ಲರಿಗೂ ನಿದ್ದೆಯಾದ್ರೂ ಉಳಿಯುತ್ತೆ." ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಲೊಯ್ಸ್ ಕೂಡ, ಪಾಪ, ಎಲ್ಲರೂ ನಗುತ್ತಾರಲ್ಲ ಎಂದು ಸ್ವಲ್ಪ ನಕ್ಕ. ಆವತ್ತು ರಾತ್ರಿ ಅವನಿಗೆ ತಣ್ಣನೆ ಸೂಪೇ ಗತಿಯಾಯಿತು. ವಾಲ್ಬುರ್ಗಾಳಿಗೆ ಅಳು ಬಂದಿತ್ತು. ಸಿಟ್ಟು ಅದಕ್ಕಿಂತ ಹೆಚ್ಚು ಬಂದಿತ್ತು.

ಏಪ್ರಿಲ್‌ನ ಕೊನೆಯ ಶನಿವಾರ, ಮಟಮಟ ಮಧ್ಯಾಹ್ನ. ವಾಲ್ಬುರ್ಗಾ ಅಂಚೆ ಹಂಚುತ್ತ ಸಾಲುಮನೆಗಳ ಬೀದಿಯಲ್ಲಿದ್ದಳು. ಮುಖ್ಯರಸ್ತೆಯ ಕಡೆಯಿಂದ ಒಂದು ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಗೇರು ಬದಲಾಯಿಸಿದಾಗ ಅದು ಮೂರು ಸಲ ಕೆಮ್ಮಿ, ಒಮ್ಮೆ ಬಿಕ್ಕಿ, ಆಮೇಲೆ ಹೊರಟಿತು. ವಾಲ್ಬುರ್ಗಾಳ ಕೈಯಲ್ಲಿದ್ದ ಕಾಗದ ಅಲ್ಲೇ ನಿಂತಿತು. ಈ ಕೆಮ್ಮು ಲೋಕದಲ್ಲಿ ಒಂದೇ ಒಂದು ಟ್ರ್ಯಾಕ್ಟರಿಗೆ ಇರುವುದು, ಅವಳ ಅಪ್ಪನದಕ್ಕೆ. ಹುಡುಗಿಯಾಗಿದ್ದಾಗ ಅದೇ ಟ್ರ್ಯಾಕ್ಟರಿನಲ್ಲಿ ಅವಳು ಹುಲ್ಲಿನ ಗಾಡಿ ಎಳೆದವಳು. ಈಗ ಅದು ತಮ್ಮ ಕೊರ್ಬಿನಿಯಾನ್‌ನ ಕೊಟ್ಟಿಗೆಯಲ್ಲಿರಬೇಕಿತ್ತು. ಇಲ್ಲಿ ಅದಕ್ಕೇನು ಕೆಲಸ?

ಅವಳು ಕೂಡಲೇ ಗಂಡನಿಗೆ ಫೋನ್ ಮಾಡಿದಳು. ಆವತ್ತು ಹಗಲಿನ ಕಾವಲು ಅವನದೇ, ಜೊತೆಗೆ ಶೋರ್ಶ್ ಮುದುಕ.

"ಏನ್ ನಡೀತಿದೆ ಅಲ್ಲಿ?"

"ಏನಿಲ್ವೇ. ಪೇಂಟರ್ ಕಡೆಯೋರು ಬಂದಿದ್ರು, ಕಂಬಕ್ಕೆ ವಾರ್ನಿಷ್ ಹಾಕ್ಬೇಕಂತೆ, ತಗೊಂಡ್ ಹೋದ್ರು. ಕಿತ್ತಳೆ ಕೋಟು, ಟೋಪಿ, ಎಲ್ಲಾ ನೀಟಾಗಿದ್ರು ಕಣೇ. ನಾವೂ ಎತ್ತಕ್ಕೆ ಕೈ ಕೊಟ್ವಿ. ಶೋರ್ಶ್ ರಸ್ತೆಗಿಳಿದು ಕಾರುಗಳ್ನೆಲ್ಲ ನಿಲ್ಸಿ ದಾರಿ ಮಾಡ್ಕೊಟ್ಟ."

"ಅಯ್ಯೋ ನನ್ನ ಕರ್ಮವೇ! ಟ್ರ್ಯಾಕ್ಟರ್ ಓಡಿಸ್ತಿದ್ದೋನು ಯಾರು?"

"ಯಾರೋ. ಮುಖಕ್ಕೆ ಧೂಳಿನ ಮಾಸ್ಕ್ ಹಾಕ್ಕೊಂಡಿದ್ದ. ಬಲು ಒಳ್ಳೆ ಮನುಷ್ಯ, ನನ್ನ ಹೆಸರು ಹಿಡಿದು ಮಾತಾಡಿಸ್ದ."

"ಹೆಸರು ಗೊತ್ತಿರದೆ ಇರುತ್ತೇನೋ? ಅವನು ನಿನ್ನ ಭಾವಮೈದ ಕಣೋ, ಪೆದ್ದೇ! ಕಳ್ಳರಿಗೆ ನೀನೇ ಹೊರೆ ಹೊರಿಸಿ ಕಳಿಸಿದೀಯ! ಕ್ವಿರಿನ್‌ನ ಕರ್ಕೊಂಡು ರೈಲ್ವೆ ಗೇಟಿಗೆ ಓಡು!"

ಅಂಚೆ ಚೀಲವನ್ನು ಪರಿಚಯದ ಮನೆಯೊಂದರ ಬಾಗಿಲೊಳಗೆ ತಳ್ಳಿ, ಅವಳು ಸೈಕಲ್ ಹತ್ತಿದಳು. ಒಂದು ಕ್ಷಣ ಮನಸ್ಸು ಹಿಂದೆಗೆಯಿತು, ಸುಳ್ಳೇಕೆ ಹೇಳಬೇಕು? ಹೋಗಲಿ ಬಿಡು, ನನ್ನನ್ನು ಆಡಿಕೊಂಡು ನಕ್ಕವರ ಕಂಬ, ಓಬರ್‌ಮೂಸ್‌ಗೆ ಹೋದರೆ ನನಗೇನು ನಷ್ಟ ಎಂದಿತು. ಆದರೆ ಕಾಲು ಆ ಮಾತು ಕೇಳಲಿಲ್ಲ, ಪೆಡಲ್ ತುಳಿಯುತ್ತಲೇ ಇತ್ತು. ಆ ಕಂಬದ ತೊಗಟೆ ಸುಲಿಯುವಾಗ ಅವಳ ಮಗ ಬೆರಳು ಕುಯ್ದುಕೊಂಡಿದ್ದ. ಅದರ ತುದಿಗೆ ಕಟ್ಟುವ ಹಸಿರು ಹಾರವನ್ನು ಅವಳೂ ಕೂತು ಹೆಣೆದಿದ್ದಳು. ಅವಳ ಕಂಬ ಅದು, ಯಾರು ಏನಾದರೂ ಅನ್ನಲಿ.

ಅಂಚೆಯವಳಿಗೆ ತಿಳಿಯದ ಸಂದಿ ಯಾವುದು? ತರಕಾರಿ ತೋಟಗಳ ನಡುವಿನ ಕಾಲುದಾರಿ ಹಿಡಿದು, ಫುಟ್‌ಬಾಲ್ ಮೈದಾನಕ್ಕೆ ಅಡ್ಡ ಹಾಯ್ದಳು. ಆಟ ನಡೆಯುತ್ತಿತ್ತು. ರೆಫರಿ ಸೀಟಿ ಊದಿದ. "ನಿನ್ ಸೀಟಿ ಸುಡ್ಲಿ!" ಎಂದು ಕೂಗಿ ಗೋಲಿನ ಹಿಂದಿನಿಂದ ಹೊರಬಿದ್ದಳು. ಅತ್ತ ಉದ್ದ ಕಂಬ ಹೊತ್ತ ಗಾಡಿ ರಸ್ತೆಯ ವೃತ್ತದಲ್ಲಿ ತಿರುಗಲಾರದೆ ತಿಣುಕಾಡುತ್ತಿರುವುದು ಮರಗಳ ಸಂದಿಯಲ್ಲಿ ಕಂಡಿತು. ಕಿತ್ತಳೆ ಕೋಟಿನವರು ಕಂಬದ ಬಾಲ ಹಿಡಿದು ಅತ್ತಿತ್ತ ಓಡುತ್ತಿದ್ದರು. ಅಂತೂ ತಿರುಗಿದರು. ಇನ್ನು ರೈಲ್ವೆ ಗೇಟು, ಅದರಾಚೆಗೆ ಹಳದಿ ಫಲಕ.

ಅಷ್ಟರಲ್ಲಿ ಗೇಟಿನ ಗಂಟೆ ಹೊಡೆಯಿತು. ಮ್ಯೂನಿಕ್ ರೈಲು ಬರುವ ಹೊತ್ತು. ಟ್ರ್ಯಾಕ್ಟರಿನ ಮೂಗಿನ ಮುಂದೆಯೇ ಗೇಟು ಬಿತ್ತು. ವಾಲ್ಬುರ್ಗಾ ಸೈಕಲ್ಲನ್ನು ಹುಲ್ಲಿನ ಮೇಲೆ ಎಸೆದು, ಎದ್ದೆನೋ ಬಿದ್ದೆನೋ ಎಂದು ಓಡಿ, ಎರಡೂ ಅಂಗೈಗಳನ್ನು ನೀಲಿ ಬಣ್ಣದ ಮೇಲೆ ಊರಿದಳು.

"ಕಂಬ ಇಲ್ಲೇ ಇರುತ್ತೆ!"

ರೈಲು ಗಡಗಡನೆ ಹೋಯಿತು. ಅವಳು ಇನ್ನೊಮ್ಮೆ ಕೂಗಿದಳು. ಟ್ರ್ಯಾಕ್ಟರಿನಿಂದ ಮಾಸ್ಕ್ ಕೆಳಗಿಳಿಸಿಕೊಂಡು ಕೊರ್ಬಿನಿಯಾನ್ ಇಣುಕಿದ. ಮುಖದ ತುಂಬ ನಗು.

"ಓಹೋ ಅಕ್ಕಾ! ಏನಕ್ಕಾ ಇದು, ನಮ್ಮನ್ನ ಬೀಳ್ಕೊಡೋಕೆ ಬಂದ್ಯಾ?"

"ಹಲ್ಲು ಕಿಸೀಬೇಡ. ಕೈಯಿಟ್ಟಿದೀನಿ. ತಿರುಗಿಸು ಗಾಡಿ."

"ನಿನ್ ಕೈ ಲೆಕ್ಕಕ್ಕೆ ಬರಲ್ಲಕ್ಕ. ಊರಿನೋರ ಕೈ ಆಗ್ಬೇಕು. ನೀನು ನಮ್ಮೋಳು. ನಾ ಹೇಳ್ತಿರೋದಲ್ಲ, ನಿಮ್ ಕ್ವಿರಿನ್ನೇ ಊರೆಲ್ಲ ಸಾರ್ಕೊಂಡ್ ತಿರುಗ್ತಾನಲ್ಲ! ಬೇಕಾದ್ರೆ ಅವನನ್ನೇ ಕೇಳೋಣ. ಅವನು ತನ್ನ ಬಾಯಲ್ಲಿ ನೀನು ವೆಲ್ಟಿಂಗ್‌ನೋಳು ಅಂದ್ರೆ, ಈ ಕಂಬ ನಾನೇ ವಾಪಸ್ ತಂದಿಡ್ತೀನಿ."

ಗೇಟು ಮೇಲೆದ್ದಿತು. ಕೊರ್ಬಿನಿಯಾನ್ ಬೇಕೆಂದರೆ ಹೊರಟುಬಿಡಬಹುದಿತ್ತು, ಆದರೆ ಹಾಗೆ ಮಾಡಿದರೆ ಓಬರ್‌ಮೂಸ್‌ನ ಮಾನ ಏನಾದೀತು? ಕಾದ. ಹಿಂದೆ ಕಾರುಗಳು ಸಾಲುಗಟ್ಟಿದವು. ಜನ ಇಳಿದು ಬಂದರು. ಫುಟ್‌ಬಾಲ್ ಆಡುತ್ತಿದ್ದವರೂ ರೆಫರಿಯ ಸಮೇತ ಬಂದರು. ಕೊನೆಗೆ ಆಲೊಯ್ಸ್‌ನ ಕಾರು ಬಂದು, ಅದರೊಳಗಿಂದ ಕ್ವಿರಿನ್ ಕೆಂಪು ಮುಖ ಹೊತ್ತು ಏದುಸಿರು ಬಿಡುತ್ತ ಇಳಿದ.

ಅವನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾಲ್ಬುರ್ಗಾಳನ್ನು ನೋಡಿದ, ಕೊರ್ಬಿನಿಯಾನ್‌ನನ್ನು ನೋಡಿದ, ಮೀಸೆ ತಿರುವಿದ. ಆಮೇಲೆ ಭಾರೀ ಬುದ್ಧಿವಂತನ ಹಾಗೆ ಮುಂದೆ ಬಂದು ತನ್ನ ಹಸ್ತವನ್ನು ಅವಳ ಹಸ್ತದ ಪಕ್ಕದಲ್ಲೇ ಕಂಬದ ಮೇಲೆ ಇಟ್ಟ.

"ಜಗಳ ಯಾಕಪ್ಪ? ನೋಡು, ಈಗ ಅಪ್ಪಟ ವೆಲ್ಟಿಂಗ್ ಕೈ ಬಿತ್ತು. ಫಲಕ ಇನ್ನೂ ದಾಟಿಲ್ಲ. ಕಂಬ ಇಲ್ಲೇ..."

"ಕೈ ತೆಗಿ," ಎಂದಳು ವಾಲ್ಬುರ್ಗಾ.

"ಏನಂದೆ?"

"ಕೈ ತೆಗಿ ಅಂದೆ. ಇದನ್ನ ನಿಲ್ಸಿದ್ದು ನನ್ ಕೈ. ನಿನ್ ಕಾವಲುಗಾರರು ಕಳ್ಳರಿಗೆ ಹೊರೆ ಎತ್ತಿಕೊಡ್ತಿದ್ದಾಗ ನಾನು ಓಡಿ ಬಂದೆ. ನನ್ ಕೈ ಲೆಕ್ಕಕ್ಕಿದ್ರೆ ಕಂಬ ಉಳೀಲಿ. ಇಲ್ದಿದ್ರೆ ಹೋಗ್ಲಿ. ನಿನ್ ಕೈ ಇಲ್ಲಿರೋದಾದ್ರೆ ನಾನೇ ಇವರ ಗಾಡಿ ತಳ್ತೀನಿ, ಆಮೇಲೆ ಅಲ್ಲೇ ಕೂತು ನಿಮ್ ಬಿಯರ್ ಕುಡೀತೀನಿ!"

ಅವಳ ಎರಡೂ ಕೈ ಕಂಬ ಬಿಡಲಿಲ್ಲ. ಓಬರ್‌ಮೂಸ್‌ನ ಹುಡುಗರು ಶಿಳ್ಳೆ ಹೊಡೆದರು. ಕ್ವಿರಿನ್ ಸುತ್ತ ನೋಡಿದ, ಯಾರಾದರೂ ನಗುತ್ತಾರೇನೋ ಎಂದು. ಯಾರೂ ನಗಲಿಲ್ಲ. "ತಲೆ ಕೆಟ್ಟಿದ್ಯಾ ನಿಂಗೆ? ಕಂಬ ಹೋದ್ರೆ ಊರಿನ ಮರ್ಯಾದೆ ಹೋಗುತ್ತೆ!" ಎಂದು ಗೊಣಗಿದ.

ಆಗ ಮಾತಾಡಿದವನು ಆಲೊಯ್ಸ್. ಮೂವತ್ತು ವರ್ಷದಲ್ಲಿ ಸಂಘದ ಸಭೆಯಲ್ಲಿ ಒಮ್ಮೆಯೂ ಬಾಯಿ ಬಿಡದ ಆಲೊಯ್ಸ್!

"ಕೈ ತೆಗಿ ಕ್ವಿರಿನ್. ಅವಳು ಹೇಳೋದು ಸರಿ. ನಾನು ಅಪ್ಪಟ ವೆಲ್ಟಿಂಗ್‌ನೋನು, ನನ್ ಕೈ ಏನ್ ಮಾಡ್ತು ಗೊತ್ತಾ? ಕಂಬ ಎತ್ತಿ ಕಳ್ಳರ ಗಾಡಿಗೆ ಇಟ್ಟು, ಮೇಲೆ ಹಗ್ಗಾನೂ ಬಿಗೀತು."

ಜನರ ಗುಂಪಿನಿಂದ ಶೋರ್ಶ್ ಮುದುಕನೂ "ತೆಗಿಯಯ್ಯಾ!" ಎಂದ. ಸಾಲುಮನೆಯ ಹೆಂಗಸೊಬ್ಬಳು ಕೂಗಿದಳು. ಫುಟ್‌ಬಾಲ್ ಹುಡುಗರು ಚಪ್ಪಾಳೆ ತಟ್ಟುತ್ತ "ಕೈ ತೆಗಿ! ಕೈ ತೆಗಿ!" ಎಂದು ಹಾಡಲು ತೊಡಗಿದರು. ಕ್ವಿರಿನ್‌ನ ಕಿವಿ ಕೆಂಪಾಯಿತು. ಅವನು ಮೊಂಡನೇ ಹೊರತು ಕೆಟ್ಟವನಲ್ಲ. ತನ್ನ ಹಸ್ತವನ್ನೇ ಸ್ವಲ್ಪ ಹೊತ್ತು ನೋಡಿದ. ನಿಧಾನವಾಗಿ ಅದನ್ನು ಎತ್ತಿ ಟೋಪಿ ತೆಗೆದ.

"ಕೊರ್ಬಿನಿಯಾನ್," ಎಂದ. ಆಮೇಲೆ ದನಿ ಎತ್ತಿ, ಕೊನೆಯ ಕಾರಿನವರಿಗೂ ಕೇಳುವ ಹಾಗೆ ಅಂದ: "ವಾಲ್ಬುರ್ಗಾ ವೆಲ್ಟಿಂಗ್‌ನೋಳು. ಮದುವೆಯಾಗಿ ಬಂದಾವತ್ತಿಂದಲೂ ಆಗಿದ್ಲು, ನಾನೇ ಕತ್ತೆ. ಕೈ ಬಿದ್ದಿದೆ. ಕಂಬ ಇಲ್ಲೇ ಇರುತ್ತೆ."

ಆಮೇಲೆ ಎದ್ದ ಗದ್ದಲ ಏನು ಕೇಳುತ್ತೀರಿ! ಕಾರುಗಳ ಹಾರ್ನ್, ಶಿಳ್ಳೆ, ಕೇಕೆ. ವಾಲ್ಬುರ್ಗಾಳ ಕಣ್ಣಲ್ಲಿ ನೀರು ಬಳಬಳ ಸುರಿಯಿತು, ಒರೆಸಿಕೊಳ್ಳಲು ಕೈ ಎತ್ತಲೇ ಇಲ್ಲ, ಎಲ್ಲಿ ಲೆಕ್ಕ ತಪ್ಪುತ್ತದೋ ಎಂದು. ಕೊರ್ಬಿನಿಯಾನ್ ಕೆಳಗಿಳಿದು ಬಂದ. ನಗುತ್ತಿದ್ದನಾದರೂ ಅವನ ದನಿಯಲ್ಲಿ ಒಂದು ಸಣ್ಣ ನೋವಿತ್ತು.

"ಹಂಗಾದ್ರೆ ನೀನು ಇನ್ಮೇಲೆ ನಮ್ಮೋಳಲ್ವಾ ಅಕ್ಕಾ?"

"ನಾನು ನಿಮ್ಮೋಳೇ ಕಣೋ," ಎಂದು ಅವಳು ಅವನ ತಲೆಗೆ ತನ್ನ ತಲೆ ಡಿಕ್ಕಿ ಹೊಡೆದಳು. "ಕಂಬ ಮಾತ್ರ ನಮ್ದು."

ಇನ್ನೊಂದು ಫಜೀತಿ ಉಳಿದಿತ್ತು. ಅಷ್ಟುದ್ದದ ಕಂಬವನ್ನು ಗೇಟಿನ ಬಳಿ ತಿರುಗಿಸುವುದು ಸಾಧ್ಯವಿರಲಿಲ್ಲ. ಹಿಂದಕ್ಕೆ ಓಡಿಸಲೂ ಆಗದು. ಹಳಿ ದಾಟಿ, ಫಲಕ ದಾಟಿ, ಓಬರ್‌ಮೂಸ್‌ನ ಕೊಟ್ಟಿಗೆ ಅಂಗಳದಲ್ಲಿ ಸುತ್ತು ಹಾಕಿ ಬರಬೇಕು. ಇದನ್ನು ಕೇಳಿ ಕ್ವಿರಿನ್ ಬಿಳುಚಿಕೊಂಡ. ಗಡಿ ದಾಟಿದ ಕಂಬದ ಮೇಲೆ ವೆಲ್ಟಿಂಗ್‌ಗೆ ಯಾವ ಹಕ್ಕೂ ಇರುವುದಿಲ್ಲ. ಕೊರ್ಬಿನಿಯಾನ್‌ನ ಹುಡುಗರು ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸಿದರು.

"ನಾನು ಓಡಿಸ್ತೀನಿ," ಎಂದಳು ವಾಲ್ಬುರ್ಗಾ. "ಇಳೀರೋ ಎಲ್ಲರೂ. ಒಬ್ಬರೂ ಹತ್ತಕೂಡದು."

ಅಪ್ಪನ ಟ್ರ್ಯಾಕ್ಟರಿನ ಸೀಟಿಗೇರಿ ಕ್ವಿರಿನ್‌ನನ್ನು ನೋಡಿದಳು. ಬಾಯಲ್ಲಿ ಹೇಳುವುದು ಬೇರೆ, ಕಂಬವನ್ನು ಅವಳ ಕೈಗೆ ಕೊಟ್ಟು ಅವಳ ತವರಿಗೆ ಕಳಿಸುವುದು ಬೇರೆ. ಕ್ವಿರಿನ್‌ಗೂ ಅದು ತಿಳಿಯಿತು. ಬೆವರು ಒರೆಸಿಕೊಂಡು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ಹುಷಾರಾಗಿ ಹೋಗ್ಬಾ," ಎಂದ.

ಕಂಬ ಹಳಿ ದಾಟಿತು, ಫಲಕ ದಾಟಿತು, ಹೊಲದ ತಿರುವಿನಲ್ಲಿ ಮರೆಯಾಯಿತು. ವೆಲ್ಟಿಂಗ್ ಊರಿಗೆ ಊರೇ ಗೇಟಿನ ಬಳಿ ಕಾಯಿತು. ಓಬರ್‌ಮೂಸ್‌ನ ಹುಡುಗರು ಕೂಡ ಉಸಿರು ಬಿಗಿಹಿಡಿದು ನಿಂತರು. ಕೊನೆಗೆ ಹೊಲದಾಚೆಯಿಂದ ಟ್ರ್ಯಾಕ್ಟರಿನ ಮೇಲೆ ಕೆದರಿದ ಕೂದಲಿನ ವಾಲ್ಬುರ್ಗಾ ಮೊದಲು ಕಂಡಳು, ಅವಳ ಹಿಂದೆ ಉದ್ದಕ್ಕೂ ನೀಲಿ ಬಿಳಿಯ ಕಂಬ. ಮೂವತ್ತು ವರ್ಷದ ಹಿಂದೆ ಇದೇ ದಾರಿಯಲ್ಲಿ ಅವಳು ಮದುವಣಗಿತ್ತಿಯಾಗಿ ಬಂದಾಗ ಎದುರುಗೊಳ್ಳಲು ಅತ್ತೆ ಒಬ್ಬಳೇ ನಿಂತಿದ್ದಳು. ಇವತ್ತು ನಿಲ್ಲಲು ಜಾಗವಿರಲಿಲ್ಲ.

ಕಾರಿನಲ್ಲಿ ಸಿಕ್ಕಿಬಿದ್ದಿದ್ದ ಪರಸ್ಥಳದವನೊಬ್ಬ ಗಾಜು ಇಳಿಸಿ ಕ್ವಿರಿನ್‌ನನ್ನು ಕೇಳಿದ: "ಯಾರ್ರೀ ಅವರು, ಎಲ್ಲರೂ ಇಷ್ಟೊಂದು ಕೂಗಾಡ್ತಿದೀರಲ್ಲ?"

ಕ್ವಿರಿನ್‌ಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಇದೇನ್ ಕೇಳ್ತೀರಿ? ನಮ್ಮೂರೋಳು!" ಎಂದು ಹೇಳಿ, ಟೋಪಿ ಬೀಸುತ್ತ ಅವಳ ಕಡೆಗೆ ಓಡಿದ.